ಮೂರು ವರ್ಷದ ಕೇಸು, ಏಳು ವರ್ಷದ ಕೇಸು

2024ರ ಡಿಸೆಂಬರ್. ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆ ಮೊಗ್ಗು ಕಟ್ಟುವ ಹೊತ್ತು. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆ ಹೂವಾಗಬೇಕಾದರೆ ಆ ದಿನಗಳಲ್ಲಿ ನೀರು ತಪ್ಪಬಾರದು. ತೋಡಿನ ಕಟ್ಟದ ಹಲಗೆ ಎತ್ತಿದ್ದು ಯಾರು ಎಂಬಲ್ಲಿಂದ ನಮಗೂ ಪಕ್ಕದ ಗದ್ದೆಯವರಿಗೂ ಮಾತು ಬೆಳೆಯಿತು. ಆ ಮನೆಯ ಯಜಮಾನರು ಅಪ್ಪಯ್ಯನ ಕೈ ತಿರುಚಿ ನೂಕಿದರು. ಅಪ್ಪಯ್ಯ ಕೆಂಪುಕಲ್ಲಿನ ಮೇಲೆ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಗದ್ದೆಯಂಚಿನ ಪೊದೆ ಸವರುತ್ತಿದ್ದ ನನ್ನ ಅಣ್ಣ ಕೈಯಲ್ಲಿದ್ದ ಕತ್ತಿಯನ್ನು ಬೀಸಿಯೇಬಿಟ್ಟ. ಅವರ ಮಗನ ತೋಳಿಗೆ ನಾಲ್ಕು ಹೊಲಿಗೆ ಬಿದ್ದವು.

ರಾತ್ರಿಯೇ ಎರಡೂ ಕಡೆಯಿಂದ ದೂರು ದಾಖಲಾಯಿತು. ಮರುದಿನ ಅಪ್ಪಯ್ಯನ ಕೈ ಮುರಿದವರು ಠಾಣೆಯಲ್ಲೇ ಜಾಮೀನು ಪಡೆದು ಮನೆಗೆ ಬಂದರು. ನಾಲ್ಕು ಹೊಲಿಗೆಯ ಗಾಯ ಮಾಡಿದ ಅಣ್ಣನನ್ನು ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸಿದರು.

ನನಗೆ ಕಂಡದ್ದು ಒಂದೇ: ದುಡ್ಡು ಓಡಾಡಿದೆ. ಹೆಮ್ಮಾಡಿ ಜಂಕ್ಷನ್ನಿನ ಅಂಗಡಿ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ನಾನು ತಪ್ಪು ಹೇಳಿದ್ದೆ. ಹಾಗೆ ಹೇಳಿದ್ದಕ್ಕೆ ಇಂದಿಗೂ ನನಗೆ ಬೇಸರವಿದೆ.

ಕೋರ್ಟು ಕಚೇರಿ ಓಡಾಡಿ ಗೊತ್ತಿದ್ದ ನಮ್ಮೂರಿನ ಹಿರಿಯರೊಬ್ಬರು ಹಿಂದಿನ ಸಂಜೆಯೇ ಧೈರ್ಯ ಹೇಳಿದ್ದರು: "ಹೆದ್ರ್‌ಬೇಡ ಮಾರಾಯ, 324 ಅಲ್ದಾ, ಠಾಣಿಯಂಗೇ ಬೇಲ್ ಸಿಕ್ತ್." ಅವರು ಹೇಳಿದ್ದು ಹಳೆಯ ಕಾನೂನಿಗೆ ಸರಿಯಾಗಿಯೇ ಇತ್ತು. ಆದರೆ ಆ ವರ್ಷ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಅಪಾಯಕಾರಿ ಆಯುಧದಿಂದ ಗಾಯ ಮಾಡುವ ಅಪರಾಧದ 324 ಎಂಬ ಸಂಖ್ಯೆ 118(1) ಆಗಿತ್ತು. ಸಂಖ್ಯೆಯ ಜೊತೆಗೆ ಇನ್ನೊಂದೂ ಬದಲಾಗಿತ್ತು. ಮೊದಲು ಜಾಮೀನು ಹಕ್ಕಾಗಿ ಸಿಗುತ್ತಿದ್ದ ಅಪರಾಧ ಈಗ ಜಾಮೀನುರಹಿತ ಸಾಲಿಗೆ ಸೇರಿತ್ತು.

ಇದನ್ನು ಬಿಡಿಸಿ ಹೇಳಿದವರು ಕುಂದಾಪುರದ ನಮ್ಮ ವಕೀಲರು. ಅವರು ಬಂಧನ, ಜಾಮೀನು, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಹಿಂಬದಿಯ ಮೊದಲ ಅನುಸೂಚಿಯನ್ನು ತೆರೆದು ನನ್ನ ಮುಂದಿಟ್ಟರು. ಅಲ್ಲಿ ಆರು ಕಾಲಂಗಳಿವೆ: ಸೆಕ್ಷನ್, ಅಪರಾಧ, ಶಿಕ್ಷೆ, ವಾರಂಟಿಲ್ಲದೆ ಬಂಧಿಸಬಹುದೇ, ಜಾಮೀನು ಹಕ್ಕೇ, ಯಾವ ಕೋರ್ಟು ವಿಚಾರಿಸಬೇಕು. "ನೀವು ಮೂರನೇ ಕಾಲಂ ಮಾತ್ರ ಓದ್ತಾ ಇದ್ದೀರಿ. ಒಂದೊಂದು ಕಾಲಮ್ಮನ್ನೂ ಬೇರೆಬೇರೆಯಾಗಿ ಓದಿ" ಎಂದರು.

ಓದಿದೆ. ಅಪ್ಪಯ್ಯನ ಮೂಳೆ ಮುರಿದದ್ದು 117(2), ಅಂದರೆ ತೀವ್ರ ಸ್ವರೂಪದ ಗಾಯ. ಶಿಕ್ಷೆ ಏಳು ವರ್ಷದವರೆಗೆ, ಜೊತೆಗೆ ದಂಡ. ಆದರೂ ಜಾಮೀನು ಹಕ್ಕು. ಅಣ್ಣನ ಮೇಲಿನ 118(1)ಕ್ಕೆ ಶಿಕ್ಷೆ ಮೂರು ವರ್ಷದವರೆಗೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಜಾಮೀನು ಹಕ್ಕಲ್ಲ. ಎರಡರಲ್ಲೂ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು. ಜಾಮೀನಿನ ಕಾಲಂ ಶಿಕ್ಷೆಯ ಕಾಲಮ್ಮಿನ ನೆರಳಲ್ಲ ಎಂದು ಆ ದಿನ ತಿಳಿಯಿತು. ಮೊದಲನೆಯದರಲ್ಲಿ ಕಾನೂನು ನೋಡಿದ್ದು ಆದ ಗಾಯವನ್ನು, ಎರಡನೆಯದರಲ್ಲಿ ಕೈಯಲ್ಲಿದ್ದ ವಸ್ತುವನ್ನು.

ಏಳು ವರ್ಷ ಎಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಏಳು ವರ್ಷದ ಜೈಲು ಎಂದೇ ಭಾವಿಸಿದ್ದೆವು. ಅದು ಮೇಲಿನ ಮಿತಿ ಮಾತ್ರ. ಅದರಲ್ಲೂ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ತಾವಾಗಿ ವಿಧಿಸಬಹುದಾದದ್ದು ಮೂರು ವರ್ಷ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಪ್ರಕರಣವನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊದಲ ಸಲ ತಪ್ಪಿದವರನ್ನು 1958ರ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಮೇಲೆ ಬಿಡುವ ದಾರಿಯೂ ಇದೆ.

"ಜಾಮೀನುರಹಿತ" ಎಂಬ ಪದದ ಬಗ್ಗೆ ನನಗೆ ತಕರಾರಿದೆ. ಪತ್ರಿಕೆಯಲ್ಲಿ ಓದಿದವರಿಗೆ ಜಾಮೀನೇ ಇಲ್ಲ ಎಂಬ ಅರ್ಥ ಬರುತ್ತದೆ. ಅಮ್ಮ ಎರಡು ದಿನ ಅನ್ನ ಮುಟ್ಟದಿದ್ದದ್ದು ಈ ಒಂದು ಪದ ಕೇಳಿ. ಅದರ ಅರ್ಥ, ಜಾಮೀನು ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ ಎಂದು, ಅಷ್ಟೇ. ನಮ್ಮ ವಕೀಲರು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪನ್ನು ಮುಂದಿಟ್ಟರು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಅಗತ್ಯ ಎಂದು ಪೊಲೀಸರು ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸು ಕೊಡಬೇಕು ಎಂದು ಆ ತೀರ್ಪು ಹೇಳುತ್ತದೆ. ನಾಲ್ಕನೆಯ ದಿನ ಅಣ್ಣ ಹೊರಬಂದ. ಸೋದರಮಾವ ತಮ್ಮ ಜಾಗದ ಆರ್‌ಟಿಸಿ ತಂದು ಶ್ಯೂರಿಟಿ ನಿಂತರು.

ಇನ್ನೊಂದು ಸಂಗತಿ ಆಮೇಲೆ ನೆನಪಾಯಿತು. ಹಿಂದಿನ ವರ್ಷದ ಬೇಸಿಗೆಯಲ್ಲೂ ಇದೇ ಎರಡು ಮನೆಗಳ ನಡುವೆ ಬೈಗುಳ, ಒಂದು ಕೆನ್ನೆಯೇಟು ಆಗಿತ್ತು. ನಾವು ದೂರು ಕೊಟ್ಟಾಗ ಅಸಂಜ್ಞೇಯ ಎಂದು ಬರೆದು ಹಿಂಬರಹ ಕೊಟ್ಟು ಕಳಿಸಿದ್ದರು. ಪೊಲೀಸರಿಗೆ ಅಸಡ್ಡೆ ಎಂದು ಆಗ ಸಿಟ್ಟಾಗಿದ್ದೆವು. ಅಂಥ ಸಾದಾ ಹೊಡೆತದ ಪ್ರಕರಣವನ್ನು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತೆಯೇ ಇಲ್ಲ. ಮ್ಯಾಜಿಸ್ಟ್ರೇಟರ ಬಳಿ ಹೋಗುವ ಹಾದಿ ನಮಗೇ ತೆರೆದಿತ್ತು. ಹಿಂಬರಹ ಮಡಿಸಿ ಕಪಾಟಿನಲ್ಲಿಟ್ಟವರು ನಾವು. ಆಗಲೇ ಯಾರಾದರೂ ಎರಡೂ ಮನೆಯವರನ್ನು ಕೂರಿಸಿ ನೀರಿನ ಸರದಿ ಗೊತ್ತುಮಾಡಿದ್ದರೆ ಡಿಸೆಂಬರಿನ ಆ ಸಂಜೆ ಬರುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ.

ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಎರಡೂ ಮನೆಯ ಸಿಟ್ಟು ಇಳಿದಿತ್ತು. ರಾಜಿಯಾಗೋಣ ಎಂದು ಅವರೇ ಬಂದರು. ಅಪ್ಪಯ್ಯ ಒಪ್ಪಿದರು. ಆಗ ಎದುರಾದದ್ದು ಆ ಆರು ಕಾಲಂಗಳಲ್ಲಿ ಇಲ್ಲದ ಪ್ರಶ್ನೆ: ಈ ಅಪರಾಧವನ್ನು ರಾಜಿ ಮಾಡಿಕೊಳ್ಳಬಹುದೇ? ಅದರ ಪಟ್ಟಿ ಅದೇ ಸುರಕ್ಷಾ ಸಂಹಿತೆಯ 359ನೇ ಸೆಕ್ಷನ್‌ನಲ್ಲಿ ಬೇರೆಯೇ ಇದೆ. ಮೂಳೆ ಮುರಿದ 117(2) ಕೋರ್ಟಿನ ಅನುಮತಿಯಿಂದ ರಾಜಿಯಾಗುತ್ತದೆ. ಕತ್ತಿಯ 118(1) ಆ ಪಟ್ಟಿಯಲ್ಲೇ ಇಲ್ಲ. ಲೋಕ ಅದಾಲತ್ತಿಗೂ ಹೋಗುವಂತಿಲ್ಲ, ರಾಜಿಯಾಗದ ಅಪರಾಧಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಉಳಿದ ದಾರಿ ಹೈಕೋರ್ಟು. ಎರಡೂ ಕಡೆಯವರು ಒಪ್ಪಿದ್ದರೆ ಪ್ರಕರಣ ರದ್ದುಪಡಿಸುವ ಅಧಿಕಾರ ಅದಕ್ಕಿದೆ ಎಂದು 2012ರ ಗಿಯಾನ್ ಸಿಂಗ್ ತೀರ್ಪು ಹೇಳಿದೆ. ಉಡುಪಿ ಜಿಲ್ಲೆಯವರಿಗೆ ಹೈಕೋರ್ಟೆಂದರೆ ಬೆಂಗಳೂರು, 400 ಕಿ.ಮೀ. ಮೇಲಿನ ದಾರಿ.

ಹಳ್ಳಿಯಲ್ಲಿ ಕತ್ತಿ ಹಿಡಿಯದ ಕೈ ಯಾವುದು? ತೆಂಗಿನಕಾಯಿಗೂ ಸೊಪ್ಪಿಗೂ ಅದೇ ಬೇಕು. ಅಣ್ಣ ಮಾಡಿದ್ದು ತಪ್ಪೇ, ಕತ್ತಿ ಎರಡು ಇಂಚು ಆಚೆ ಹೋಗಿದ್ದರೆ ಏನಾಗುತ್ತಿತ್ತೆಂದು ಅವನಿಗೂ ಗೊತ್ತು. ಆದರೂ ಗಾಯ ಸಣ್ಣದಿದ್ದು, ಗಾಯಗೊಂಡವರೇ ಕ್ಷಮಿಸಿದಾಗ, ಊರಿನ ಸಮೀಪದ ಕೋರ್ಟಿನಲ್ಲೇ ಇದನ್ನು ಮುಗಿಸುವ ಅವಕಾಶ ಇರಬೇಕು.

ಇಂಥ ಪರಿಸ್ಥಿತಿ ಯಾರಿಗಾದರೂ ಬಂದರೆ ನನ್ನದೊಂದು ವಿನಂತಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ಅದರಲ್ಲಿರುವ ಸೆಕ್ಷನ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವಕೀಲರ ಬಳಿ ಹೋಗಿ, ಪ್ರತಿಯೊಂದಕ್ಕೂ ಬಂಧನ, ಜಾಮೀನು, ರಾಜಿ, ಶಿಕ್ಷೆ ನಾಲ್ಕನ್ನೂ ಬೇರೆಬೇರೆಯಾಗಿ ಕೇಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ.

ಅಪ್ಪಯ್ಯನ ಕೇಸು ಲೋಕ ಅದಾಲತ್ತಿನಲ್ಲಿ ಒಂದೇ ದಿನಕ್ಕೆ ಮುಗಿಯಿತು. ಅಣ್ಣನದು ಇನ್ನೂ ಇದೆ. ಪ್ರತಿ ವಾಯ್ದೆಗೂ ಅವನು ಕುಂದಾಪುರದ ಬಸ್ಸು ಹತ್ತುತ್ತಾನೆ. ತೋಳಿಗೆ ಹೊಲಿಗೆ ಬಿದ್ದವನೂ ಕೆಲವೊಮ್ಮೆ ಅದೇ ಬಸ್ಸಿನಲ್ಲಿರುತ್ತಾನೆ.