ಧಾರೆಯ ಹೊತ್ತಿನ ಫೋಟೊ ತೆಗೆಯುವುದು ಹೇಗೆ?

ಮುಖದ ಫೋಟೊಗೆ ಮೊದಲು ಬೇಕಾದದ್ದು ಮೆದುವಾದ ಬೆಳಕು. ನಡುಹಗಲ ಬಿಸಿಲಿನಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಅದೇ ವ್ಯಕ್ತಿಯನ್ನು ಕಿಟಕಿಯ ಪಕ್ಕ ನಿಲ್ಲಿಸಿದರೆ ಮುಖ ತಿಳಿಯಾಗುತ್ತದೆ. ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಮೂಗು ದಪ್ಪಗೆ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು ಜೂಮ್ ಮಾಡುವುದು ಲೇಸು. ಮಕ್ಕಳ ಫೋಟೊಗೆ ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು.

ಮದುವೆ ಛತ್ರದಲ್ಲಿ ವೇಗವೂ ಮುಖ್ಯ. ವಧೂವರರು ಜೀರಿಗೆ–ಬೆಲ್ಲ ಹಾಕಿಕೊಳ್ಳುವ ಗಳಿಗೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ. ಅಂತರಪಟ ಸರಿಯುವ ಮೊದಲೇ ಜಾಗ ಹಿಡಿದು, ಶಟರ್ ವೇಗವನ್ನು ಸೆಕೆಂಡಿನ 1/200ರ ಆಸುಪಾಸಿಗೆ ಇಟ್ಟು, ಐಎಸ್‌ಒ ಏರಿಸಿಕೊಳ್ಳಬೇಕು. ಭಾರತದ ವಿದ್ಯುತ್ 50 ಹರ್ಟ್ಜ್‌ನದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಚಿತ್ರದಲ್ಲಿ ಪಟ್ಟೆ ಮೂಡಿದರೆ ವೇಗವನ್ನು 1/100ಕ್ಕೆ ಇಳಿಸಿದಾಗ ಸಾಮಾನ್ಯವಾಗಿ ಸರಿಹೋಗುತ್ತದೆ.