ವೈಜ್ಞಾನಿಕ ಸಿದ್ಧಾಂತದ ರಚನೆ: ದಖನ್ ಟ್ರ್ಯಾಪ್ ಉದಾಹರಣೆ

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಭೂಮಿಯಡಿ ಬಹುಪಾಲು ಇರುವುದು ದಖನ್ ಟ್ರ್ಯಾಪ್ ಬಸಾಲ್ಟ್, ಅಂದರೆ ಲಾವಾ ಗಟ್ಟಿಯಾಗಿ ಆದ ಕರಿಕಲ್ಲು. ಮುದ್ದೇಬಿಹಾಳದ ದಕ್ಷಿಣಕ್ಕೆ ಇನ್ನೂ ಹಳೆಯ ಶಿಲೆಗಳು ಸಿಗುತ್ತವೆ. ಬಸಾಲ್ಟ್ ಪ್ರದೇಶದಲ್ಲಿ ಬಾವಿ ತೋಡಿದಾಗ ಕೆಲವೆಡೆ ಎರಡು ಕರಿಕಲ್ಲಿನ ಪದರಗಳ ನಡುವೆ ಕೆಂಪು ಮಣ್ಣಿನ ತೆಳು ಪಟ್ಟಿ ಕಾಣುತ್ತದೆ. ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಕಲ್ಲು ಶಿಥಿಲಗೊಳ್ಳುವಷ್ಟು ಕಾಲ ಸಂದಿದೆ ಎಂಬುದು ಇದಕ್ಕೆ ಭೂವಿಜ್ಞಾನದ ಸಿದ್ಧಾಂತ ಕೊಡುವ ವಿವರಣೆ. ಈ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇಂಥ ಸಿದ್ಧಾಂತದ ರಚನೆ ಎಂಥದ್ದು ಎಂಬುದಕ್ಕೆ ವಿಜ್ಞಾನದ ತತ್ತ್ವಜ್ಞಾನಿಗಳು ಕೊಟ್ಟ ಉತ್ತರಗಳು ಹೀಗಿವೆ.

ವಾಕ್ಯಾತ್ಮಕ ದೃಷ್ಟಿ: ಕಾರ್ನಾಪ್, ಹೆಂಪೆಲ್. ಸಿದ್ಧಾಂತವೆಂದರೆ ಮೂಲ ನಿಯಮಗಳು ಮತ್ತು ಅವನ್ನು ವೀಕ್ಷಣೆಗೆ ಜೋಡಿಸುವ ಸಂಬಂಧ ಸೂತ್ರಗಳು. ‘ಕೆಂಪು ಪಟ್ಟಿ’ ವೀಕ್ಷಣಾ ಪದ. ‘ಭೂಫಲಕ’ ಸೈದ್ಧಾಂತಿಕ ಪದ.

ಮಾದರಿ ದೃಷ್ಟಿ: ಸಪ್ಪೀಸ್, ವಾನ್ ಫ್ರಾಸೆನ್ (1980). ಸಿದ್ಧಾಂತವೆಂದರೆ ಮಾದರಿಗಳ ಸಮೂಹ. ಭಾರತದ ಭೂಫಲಕ ರಿಯೂನಿಯನ್ ಬಿಸಿತಾಣದ (ಆಳದಿಂದ ಶಿಲಾರಸ ಮೇಲೇರುವ ಜಾಗದ) ಮೇಲೆ ಸಾಗಿದಾಗ ಲಾವಾ ಉಕ್ಕಿತು ಎಂಬುದು ಅಂಥದ್ದೊಂದು ಮಾದರಿ. ಭೂವಿಜ್ಞಾನವನ್ನು ಕೆಲವೇ ಮೂಲ ನಿಯಮಗಳಿಗೆ ಇಳಿಸುವುದು ಕಷ್ಟ. ಆದ್ದರಿಂದ ಇಲ್ಲಿ ಈ ದೃಷ್ಟಿಯೇ ಹೆಚ್ಚು ಹೊಂದುತ್ತದೆ.

ಕೂನ್ (1962): ಪ್ರತಿಮಾನ ಪಲ್ಲಟ, ಅಂದರೆ ಒಂದು ಚಿಂತನಾ ಚೌಕಟ್ಟಿನ ಜಾಗಕ್ಕೆ ಇನ್ನೊಂದು ಬರುವುದು. ವೆಗೆನರ್ 1912ರಲ್ಲಿ ಮಂಡಿಸಿದ ಖಂಡ ಚಲನೆಯ ವಿಚಾರ 1960ರ ದಶಕದಲ್ಲಿ ಭೂಫಲಕ ಸಿದ್ಧಾಂತದ ಮೂಲಕ ಮಾನ್ಯವಾದದ್ದನ್ನು ಅನೇಕರು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ.

ಲಕಟೋಸ್: ಗಟ್ಟಿ ತಿರುಳು, ಸುತ್ತ ರಕ್ಷಣಾ ವಲಯ. ಭೂಫಲಕಗಳು ಚಲಿಸುತ್ತವೆ ಎಂಬುದು ತಿರುಳು. ಬಿಸಿತಾಣದ ಸ್ವರೂಪ, ಆಳಗಳ ಊಹೆಗಳು ಬದಲಾಗಬಲ್ಲ ವಲಯ.

ಪಾಪರ್ ಹೇಳಿದ ‘ಸುಳ್ಳಾಗಿಸಬಲ್ಲ ಗುಣ’ ವಿಜ್ಞಾನವನ್ನು ವಿಜ್ಞಾನವಲ್ಲದ್ದರಿಂದ ಬೇರ್ಪಡಿಸುವ ಮಾನದಂಡ. ಅದನ್ನು ಸಿದ್ಧಾಂತದ ರಚನೆ ಎಂಥದ್ದು ಎಂಬ ಪ್ರಶ್ನೆಗೆ ಉತ್ತರವಾಗಿ ಬರೆಯಬೇಡಿ.