ಹಾಲಿನ ತೊಟ್ಟಿಗೆ ಇ-ಮೇಲ್ ಕಾವಲು



ಈಗ ತಾನೇ ಕರೆದ ಹಾಲು ಬೆಚ್ಚಗಿರುತ್ತದೆ. ಆ ಬಿಸುಪಿನಲ್ಲಿ ಹಾಲು ಕೆಡಿಸುವ ಸೂಕ್ಷ್ಮಾಣುಗಳು ಬಹುಬೇಗ ಇಮ್ಮಡಿಯಾಗುತ್ತವೆ. ಅದೇ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹುಮಟ್ಟಿಗೆ ತಗ್ಗುತ್ತದೆ. ಆದುದರಿಂದಲೇ ಅನೇಕ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಿ.ಎಂ.ಸಿ. ಎಂದು ಕರೆಯುವ ತಂಪುತೊಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಈ ತೊಟ್ಟಿಯಲ್ಲಿರುವುದು ಒಬ್ಬರ ಮನೆಯ ಹಾಲಲ್ಲ. ಎರಡೆಮ್ಮೆ ಕಟ್ಟಿದವನ ಹಾಲೂ ಹತ್ತೆಮ್ಮೆ ಕಟ್ಟಿದವನ ಹಾಲೂ ಅಲ್ಲಿ ಒಂದಾಗಿರುತ್ತವೆ. ಕೆಟ್ಟರೆ ಎಲ್ಲರದೂ ಒಟ್ಟಿಗೆ ಕೆಡುತ್ತದೆ.

ಗುಂಜಿಯೂ ಸೇರಿ ಖಾನಾಪುರ ತಾಲ್ಲೂಕಿನ ಪಶ್ಚಿಮದ ಹಳ್ಳಿಗಳು ಕಾಡಿನ ಮಗ್ಗುಲಲ್ಲಿವೆ, ಮಳೆಯೂ ಹೆಚ್ಚು. ಮಳೆಗಾಲದ ರಾತ್ರಿ ಮರ ಉರುಳಿ ತಂತಿ ಕಡಿದರೆ ಬೆಳಗಿನವರೆಗೆ ಯಾರಿಗೂ ತಿಳಿಯದೆ ಹೋಗಬಹುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಹಾಲು ಒಡೆದ ಮೇಲೆ ಓಡಾಡಿ ಫಲವಿಲ್ಲ. ಅಂಥ ಹೊತ್ತಿನಲ್ಲಿ ತೊಟ್ಟಿಯೇ ನಮ್ಮನ್ನು ಎಬ್ಬಿಸುವಂತೆ ಮಾಡುವುದು ಹೇಗೆಂಬುದೇ ಈ ಪಾಠದ ವಿಷಯ.

ಉಪಕರಣ ಯಾವುದು?

ಇಂಥ ಉಪಕರಣ ನಮ್ಮ ನಾಡಿಗೆ ಹೊಸದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಬಿದ್ದ ಮಳೆಯ ಅಳತೆಯನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ತಲುಪಿಸುತ್ತವೆ. ತಂಪುತೊಟ್ಟಿಯ ಕಾವಲು ಯಂತ್ರವೂ ಇದೇ ಜಾತಿಯದು. ಅದಕ್ಕೆ ನಾಲ್ಕು ಅಂಗಗಳುಂಟು: ಶಾಖ ಅಳೆಯುವ ಕಡ್ಡಿ, ಅಳತೆಯನ್ನು ಓದುವ ಪೆಟ್ಟಿಗೆ, ಸುದ್ದಿ ಕಳಿಸಲು ಸಿಮ್ ಅಥವಾ ವೈಫೈ, ಮತ್ತು ಬ್ಯಾಟರಿ. ಗೊತ್ತುಪಡಿಸಿದ ಮಿತಿ ಮೀರಿದ ಕೂಡಲೇ ಪೆಟ್ಟಿಗೆಯು ನಾವು ಹೇಳಿದ ವಿಳಾಸಗಳಿಗೆ ಇ-ಮೇಲ್ ಬರೆಯುತ್ತದೆ.

ಅಳವಡಿಸುವ ಕ್ರಮ

1. ಯಂತ್ರಕ್ಕೆ ಸಂಘದ ಹೆಸರಿನಲ್ಲಿ ಬೇರೆಯೇ ಒಂದು ಇ-ಮೇಲ್ ಖಾತೆ ತೆರೆಯಿರಿ. ಕಾರ್ಯದರ್ಶಿಯ ಸ್ವಂತ ಖಾತೆಯನ್ನು ಬಳಸಬಾರದು. ಅವರು ಬದಲಾದರೆ ಕಾವಲೂ ನಿಲ್ಲುತ್ತದೆ.

2. ಅಂಚೆ ಹಾಕಲು ಅಂಚೆ ಕಚೇರಿ ಬೇಕಾದಂತೆ ಯಂತ್ರಕ್ಕೆ ಎಸ್‌ಎಂಟಿಪಿ ಸರ್ವರ್ ಎಂಬುದು ಬೇಕು. ಜಿಮೇಲ್ ಖಾತೆಯಾದರೆ ಅದರ ಹೆಸರು ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್. ಪೋರ್ಟ್ ಎಂಬಲ್ಲಿ 587 ಎಂದೂ ಭದ್ರತೆ ಎಂಬಲ್ಲಿ ಟಿಎಲ್‌ಎಸ್ ಎಂದೂ ತುಂಬಬೇಕು. ಯಂತ್ರವು ಎಸ್‌ಎಸ್‌ಎಲ್ ಎಂದು ಕೇಳಿದರೆ ಪೋರ್ಟ್ 465.

3. ಗುಪ್ತಪದದ ವಿಷಯದಲ್ಲಿ ಎಚ್ಚರವಿರಲಿ. ಸಾಮಾನ್ಯ ಜಿಮೇಲ್ ಖಾತೆಗಳಲ್ಲಿ 2022ರ ಮೇ ತಿಂಗಳ ಕೊನೆಯಿಂದ ಇಂಥ ಯಂತ್ರಗಳು ಮಾಮೂಲಿ ಪಾಸ್‌ವರ್ಡ್‌ನಿಂದ ಒಳಹೋಗುವಂತಿಲ್ಲ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು, ಅದನ್ನು ಯಂತ್ರದಲ್ಲಿ ತುಂಬಬೇಕು. ಮುಂದೆ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಈ 16 ಅಕ್ಷರಗಳೂ ರದ್ದಾಗುತ್ತವೆ. ಆಗ ಹೊಸದನ್ನು ಪಡೆಯತಕ್ಕದ್ದು.

4. ಸುದ್ದಿ ಮೂವರಿಗಾದರೂ ಹೋಗಲಿ: ಕಾರ್ಯದರ್ಶಿ, ಹಾಲು ಪರೀಕ್ಷಕ, ಮತ್ತು ಡೇರಿಯ ಸಮೀಪದಲ್ಲೇ ಮನೆಯಿರುವ ಒಬ್ಬ ಸದಸ್ಯ. ರಾತ್ರಿ ಮೊದಲು ಹೋಗತಕ್ಕವರು ಯಾರೆಂಬುದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ಧರಿಸಿರಿ. ಎಲ್ಲರೂ ಹೋಗಬೇಕೆಂದರೆ ಯಾರೂ ಹೋಗುವುದಿಲ್ಲ. ಯಂತ್ರದಿಂದ ಬರುವ ಪತ್ರಕ್ಕೆ ಮೂವರ ಫೋನಿನಲ್ಲೂ ಜೋರಾದ ಬೇರೆ ಗಂಟೆಯನ್ನು ಇಡತಕ್ಕದ್ದು.

ಮಿತಿಯನ್ನು ಗೊತ್ತುಮಾಡುವುದು

ಮಿತಿ 4 ಡಿಗ್ರಿ ಎಂದು ಬರೆದುಬಿಟ್ಟರೆ ಕೆಲಸ ಕೆಡುತ್ತದೆ. ಬೆಳಿಗ್ಗೆ ಸಂಜೆ ಬಿಸಿ ಹಾಲು ಸುರಿದಾಗ ತೊಟ್ಟಿಯ ಶಾಖ ಏರುವುದು ಸಹಜ. ಆಗೆಲ್ಲ ಪತ್ರ ಬಂದರೆ, 'ತೋಳ ಬಂತು ತೋಳ' ಎಂದು ಸುಮ್ಮನೆ ಕೂಗಿದ ಹುಡುಗನ ಕತೆಯಾಗುತ್ತದೆ. ನಿಜವಾದ ಪತ್ರ ಬಂದ ದಿನ ಯಾರೂ ಏಳುವುದಿಲ್ಲ. ಒಂದು ವಾರ ಶಾಖದ ಏರಿಳಿತವನ್ನು ಪುಸ್ತಕದಲ್ಲಿ ಬರೆದಿಡಿ. ಹಾಲು ಸುರಿದ ಮೇಲೆ ಎಷ್ಟು ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ನೋಡಿ, ಒಕ್ಕೂಟದ ತಂತ್ರಜ್ಞರ ಸಲಹೆಯಂತೆ ಡಿಗ್ರಿಯನ್ನೂ ಕಾಯುವ ಹೊತ್ತನ್ನೂ ಸೇರಿಸಿ ಮಿತಿ ಇಡಿ. ವಿದ್ಯುತ್ ಹೋದ ಸುದ್ದಿಗೆ ಬೇರೆಯೇ ಪತ್ರ ಬರುವಂತೆ ಮಾಡಿರಿ.

ಪತ್ರ ಬಾರದಿದ್ದರೆ

ಯಂತ್ರದಿಂದ ಆರಂಭಿಸಿ ಫೋನಿನವರೆಗೆ ಒಂದೊಂದೇ ಮೆಟ್ಟಿಲು ನೋಡುತ್ತ ಬನ್ನಿ. ನಡುವೆ ಹಾರಬಾರದು, ಒಮ್ಮೆಗೆ ಎರಡು ಬದಲಾವಣೆ ಮಾಡಬಾರದು.

ಮೊದಲು ದೀಪ. ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ, ಬ್ಯಾಟರಿ ಸತ್ತಿದೆಯೇ ನೋಡಿರಿ. ವೈಫೈ ಬಳಸಿದ್ದರೆ ರೂಟರ್‌ಗೂ ಬ್ಯಾಟರಿ ಇರಬೇಕು. ವಿದ್ಯುತ್ ಹೋದಾಗ ರೂಟರ್ ಮಲಗಿದರೆ, ಪೆಟ್ಟಿಗೆ ಎಚ್ಚರವಿದ್ದೂ ಬಾಯಿ ಕಟ್ಟಿದಂತಾಗುತ್ತದೆ.

ಎರಡನೆಯದು ಸಿಮ್. ಡೇಟಾ ಅವಧಿ ಮುಗಿದಿದೆಯೇ? ತಗಡಿನ ಮಾಡಿನ ಕೆಳಗೆ ಸಿಗ್ನಲ್ ಕುಂದುತ್ತದೆ. ಆಂಟೆನಾವನ್ನು ಹೊರಗೆ ಎತ್ತರದಲ್ಲಿ ಕಟ್ಟಿರಿ.

ಮೂರನೆಯದು ಗಡಿಯಾರ. ಯಂತ್ರದ ತಾರೀಖು ತಪ್ಪಾಗಿದ್ದರೆ ಸರ್ವರಿನ ಭದ್ರತಾ ಪತ್ರವನ್ನು ಯಂತ್ರವು ಒಪ್ಪುವುದಿಲ್ಲ, ಇ-ಮೇಲ್ ಹೊರಡುವುದಿಲ್ಲ. ಬಹಳ ಮಂದಿ ಇದನ್ನು ನೋಡುವುದೇ ಇಲ್ಲ.

ನಾಲ್ಕನೆಯದು ಖಾತೆ. ಪರೀಕ್ಷಾ ಪತ್ರದ ಗುಂಡಿ ಒತ್ತಿ, ಬರುವ ಉತ್ತರವನ್ನು ಓದಿರಿ. 535 ಎಂಬ ಸಂಖ್ಯೆ ಬಂದರೆ ಹೆಸರು ಅಥವಾ ಗುಪ್ತಪದ ತಪ್ಪು. ಬಹಳ ಹೊತ್ತು ಕಾದು 'ಟೈಮ್ ಔಟ್' ಎಂದರೆ ಯಂತ್ರವು ಸರ್ವರನ್ನು ಮುಟ್ಟಿಲ್ಲ. ಜಾಲವನ್ನೂ ಪೋರ್ಟ್ ಸಂಖ್ಯೆಯನ್ನೂ ನೋಡಬೇಕು.

ಐದನೆಯದು ಪತ್ರ ಪಡೆಯುವವರ ಫೋನು. ಪತ್ರವು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರಬಹುದು. ಅದನ್ನು 'ಸ್ಪ್ಯಾಮ್ ಅಲ್ಲ' ಎಂದು ಗುರುತಿಸಿ, ಯಂತ್ರದ ವಿಳಾಸವನ್ನು ಪರಿಚಿತರ ಪಟ್ಟಿಗೆ ಸೇರಿಸಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು

ಪತ್ರ ಬಂದಿಲ್ಲವೆಂದರೆ ಹಾಲು ಕ್ಷೇಮವಾಗಿದೆ ಎಂದು ಅರ್ಥವಲ್ಲ. ತೊಟ್ಟಿ ತಣ್ಣಗಿದ್ದರೂ ಪತ್ರ ಬರುವುದಿಲ್ಲ. ಯಂತ್ರವೇ ಸತ್ತಿದ್ದರೂ ಪತ್ರ ಬರುವುದಿಲ್ಲ. ಮಲಗಿರುವವನಿಗೆ ಈ ಎರಡರ ವ್ಯತ್ಯಾಸ ತಿಳಿಯದು. ಸೌಕರ್ಯವಿದೆಯೆಂದು ನಂಬಿ ಮೊದಲಿನ ಎಚ್ಚರವನ್ನೂ ಬಿಟ್ಟರೆ, ಯಂತ್ರವಿಲ್ಲದ ಸಂಘಕ್ಕಿಂತ ಯಂತ್ರವಿರುವ ಸಂಘವೇ ಹೆಚ್ಚು ಅಪಾಯದಲ್ಲಿರುತ್ತದೆ.

ಗುಂಜಿಯವರಿಗೆ ರೈಲು ದಿನನಿತ್ಯದ ನೋಟ; ಲೋಂಡಾ ಮತ್ತು ಖಾನಾಪುರದ ನಡುವಿನ ನಿಲ್ದಾಣ ನಿಮ್ಮದು. ರೈಲ್ವೆಯ ಹಳೆಯ ಕೈಮರವನ್ನು ನೆನೆಯಿರಿ. ಅದರ ಎಳೆತಂತಿ ಕಡಿದರೆ, ಭಾರದ ಬಲದಿಂದ ಕೈ ತಾನಾಗಿಯೇ ಅಡ್ಡಲಾಗಿ ನಿಂತು, 'ನಿಲ್ಲು' ಎಂಬ ಸಂಜ್ಞೆ ಕೊಡುವಂತೆ ಅದನ್ನು ಕಟ್ಟಿರುತ್ತಿದ್ದರು. ಕೆಟ್ಟದ್ದೇ ಎಚ್ಚರಿಕೆಯಾಗುತ್ತಿತ್ತು. ನಮ್ಮ ಕಾವಲನ್ನೂ ಹಾಗೆಯೇ ಕಟ್ಟಬೇಕು.

ಅದಕ್ಕೆ ಉಪಾಯ ಸುಲಭ. ಎಲ್ಲ ಸರಿಯಿದ್ದರೂ ದಿನವೂ ರಾತ್ರಿ 9 ಗಂಟೆಗೆ 'ನಾನಿದ್ದೇನೆ, ತೊಟ್ಟಿ ಇಷ್ಟು ಡಿಗ್ರಿ' ಎಂಬ ಒಂದು ಪತ್ರ ಬರುವಂತೆ ಯಂತ್ರಕ್ಕೆ ಹೇಳಿರಿ. ಕಾಲು ಗಂಟೆ ಕಳೆದರೂ ಅದು ಬಾರದಿದ್ದರೆ, ಬಾರದಿರುವುದನ್ನೇ ಎಚ್ಚರಿಕೆಯೆಂದು ತಿಳಿದು ಡೇರಿಗೆ ಹೋಗಿ ನೋಡಬೇಕು. ಜೋರು ಮಳೆಯ ದಿನಗಳಲ್ಲಿ ನಡುರಾತ್ರಿಗೂ ಒಂದು ಪತ್ರ ಇಡುವುದು ಒಳ್ಳೆಯದು. ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿಯಬಹುದಾದ್ದರಿಂದ, ಅಂಥ ರಾತ್ರಿ ಒಬ್ಬರು ಕಂದೀಲು ಹಿಡಿದು ಹೋಗಿಬರುವ ಪದ್ಧತಿಯನ್ನು ಬಿಡಬಾರದು.

ತಿಂಗಳಿಗೊಮ್ಮೆ ನಿಜವಾದ ಪರೀಕ್ಷೆ ಮಾಡಿರಿ. ಶಾಖದ ಕಡ್ಡಿ ಹೊರಗಿನಿಂದ ತೆಗೆಯುವಂಥದ್ದಾದರೆ ಅದನ್ನು ಪುಡಿ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಿ. ಅಳತೆ 0 ಡಿಗ್ರಿಗೆ ಹತ್ತಿರವಿರಬೇಕು. ಅನಂತರ ಉಗುರುಬೆಚ್ಚನೆಯ ನೀರಿನಲ್ಲಿಟ್ಟು ಕಾಯಿರಿ. ಮೂವರ ಫೋನೂ ಕೂಗಿದರೆ ಮಾತ್ರ ಕಾವಲು ಸರಿಯಿದೆಯೆನ್ನಬಹುದು. ಒಮ್ಮೆ ಮುಖ್ಯ ಸ್ವಿಚ್ಚನ್ನೂ ಆರಿಸಿ ನೋಡಿ. ತೊಟ್ಟಿ ಬರಿದಾಗಿರುವಾಗಲೇ ಈ ಪರೀಕ್ಷೆಗಳನ್ನು ಮಾಡತಕ್ಕದ್ದು.

ಪತ್ರ ಬಂದ ಮೇಲೆ ಏನು?

ಮುಚ್ಚಳ ತೆರೆಯಬೇಡಿ, ಮುಚ್ಚಿದ ತೊಟ್ಟಿ ತಂಪನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಡೀಸೆಲ್ ಜನರೇಟರ್ ಇದ್ದರೆ ನಡೆಸಿರಿ. ಅದೂ ಇಲ್ಲದಿದ್ದರೆ ಹಾಲಿನ ವಾಹನ ಬೇಗ ಬರುವಂತೆ ಒಕ್ಕೂಟಕ್ಕೆ ತಿಳಿಸಿರಿ. ಹೊಸ ಬಿಸಿ ಹಾಲನ್ನು ತೊಟ್ಟಿಗೆ ಸುರಿಯದೆ ಬೇರೆ ಕ್ಯಾನುಗಳಲ್ಲಿ ಇಡಿ.

ಸಂಘದ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ತೊಟ್ಟಿಯ ವಿದ್ಯುತ್ ನಡುರಾತ್ರಿ ಹೋದರೆ ಮೊದಲು ಯಾರಿಗೆ, ಎಷ್ಟು ನಿಮಿಷದಲ್ಲಿ ತಿಳಿಯುತ್ತದೆ?
2. ನಿನ್ನೆ ರಾತ್ರಿ 9ರ ಪತ್ರ ಬಂದಿತೇ? ಅದನ್ನು ನೋಡಿದವರು ಯಾರು?
3. ಜನರೇಟರಿನಲ್ಲಿ ಇಂದು ಎಣ್ಣೆ ಇದೆಯೇ?

ಮೂರಕ್ಕೂ ತಡವರಿಸದೆ ಉತ್ತರ ಹೇಳುವ ಸಂಘದ ಹಾಲಿಗೆ ಒಳ್ಳೆಯ ಕಾವಲಿದೆ ಎಂದು ತಿಳಿಯಬಹುದು.